ಸ್ವಂತ ದುಡಿಮೆಯವರ ಪಿಂಚಣಿ: ಕಟ್ಟುವುದೆಷ್ಟು, ಕಳೆಯುವುದೆಷ್ಟು?

ಮಾರ್ಚ್ ಕೊನೆಯ ವಾರ ಜಯನಗರ, ಬಸವನಗುಡಿಯ ಆಡಿಟರ್‌ಗಳ ಮುಂದೆ ಒಂದೇ ಪ್ರಶ್ನೆ: ‘ಸಾರ್, ಎನ್‌ಪಿಎಸ್‌ಗೆ ಇನ್ನೂ ಎಷ್ಟು ಹಾಕ್ಲಿ?’ ಎನ್‌ಪಿಎಸ್ ಎಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಕೇಳುವವರು ಇಂಟೀರಿಯರ್ ಡಿಸೈನರ್‌ಗಳು, ಸ್ವಂತ ಕ್ಲಿನಿಕ್‌ನ ಡಾಕ್ಟರ್‌ಗಳು, ವಕೀಲರು. ಪಿಎಫ್ ಹಿಡಿಯಲು ಇವರಿಗೆ ಕಂಪನಿಯಿಲ್ಲ, ಮುಪ್ಪಿಗೆ ತಾವೇ ಕೂಡಿಡಬೇಕು. ಅಂಥ ಹಣ ಲೆಕ್ಕ ತಪ್ಪಿ ಎಲ್ಲೋ ಸೇರುವುದನ್ನು ನೋಡಿದರೆ ಸಂಕಟವಾಗುತ್ತದೆ. ತಪ್ಪುವುದು ಬಹುತೇಕ ಒಂದೇ ಕಡೆ: ಖಾತೆಗೆ ಕಟ್ಟುವ ಮಿತಿ ಬೇರೆ, ತೆರಿಗೆ ಲೆಕ್ಕಕ್ಕೆ ಆದಾಯದಿಂದ ಕಳೆಯುವ (ಕಡಿತದ) ಮಿತಿ ಬೇರೆ.

1. ಖಾತೆ ತೆರೆಯಿರಿ. ಪ್ಯಾನ್, ಆಧಾರ್, ಬ್ಯಾಂಕ್ ವಿವರ ಇದ್ದರೆ ಇ-ಎನ್‌ಪಿಎಸ್‌ನಲ್ಲಿ ಮನೆಯಿಂದಲೇ ಆಗುತ್ತದೆ.

2. ತೆರಿಗೆ ಪದ್ಧತಿ ನಿರ್ಧರಿಸಿ: ಕಡಿತಗಳಿರುವ ಹಳೆಯದೋ, ದರ ಕಡಿಮೆಯಿದ್ದು ಕಡಿತ ಬಹುತೇಕ ಇಲ್ಲದ ಹೊಸದೋ. ಎಲ್ಲರೂ ಹಾರಿಸಿಬಿಡುವ ಹಂತ ಇದೇ. ನೀವೇ ಕಟ್ಟುವ ಎನ್‌ಪಿಎಸ್ ಹಣಕ್ಕೆ ಹೊಸ ಪದ್ಧತಿಯಲ್ಲಿ ಕಡಿತವಿಲ್ಲ. ಅಲ್ಲಿ ಕಡಿತ ಸಿಗುವುದು ಮಾಲೀಕರು ಕಟ್ಟಿದ ಪಾಲಿಗೆ ಮಾತ್ರ, ನಿಮಗೆ ಮಾಲೀಕರೇ ಇಲ್ಲ. ಹಳೆಯದು ಬೇಕೆಂದರೆ ವೃತ್ತಿ ಆದಾಯದವರು ರಿಟರ್ನ್ ಗಡುವಿನೊಳಗೆ ನಿಗದಿತ ಫಾರ್ಮ್ (2025-26ರ ಆದಾಯಕ್ಕೆ 10-ಐಇಎ) ಸಲ್ಲಿಸಬೇಕು. ಆಮೇಲೆ ಹೊಸದಕ್ಕೆ ಮರಳಿದರೆ, ವೃತ್ತಿ ಆದಾಯ ಇರುವವರೆಗೂ ಹಳೆಯದರ ಬಾಗಿಲು ಮುಚ್ಚಿದಂತೆ.

3. ಮಿತಿಯ ಲೆಕ್ಕ ಹಾಕಿ. ಇಲ್ಲಿ ಆತುರ ಬೇಡ, ಕಾಗದದ ಮೇಲೆ ಬರೆದುಕೊಳ್ಳಿ.

ಎನ್‌ಪಿಎಸ್ ಟಿಯರ್-1ಕ್ಕೆ (ಮುಖ್ಯ ಪಿಂಚಣಿ ಖಾತೆ) ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಕಟ್ಟಬೇಕು, ಗರಿಷ್ಠ ಮಿತಿಯಿಲ್ಲ. ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿ) ಕನಿಷ್ಠ 500, ಗರಿಷ್ಠ 1.5 ಲಕ್ಷ. ನಿಮ್ಮ ಖಾತೆ ಮತ್ತು ನೀವು ನಡೆಸುವ ಮಗುವಿನ ಖಾತೆ ಎರಡೂ ಸೇರಿ ಅಷ್ಟೇ. ಮೇಲೆ ಹಾಕಿದ್ದಕ್ಕೆ ಬಡ್ಡಿ ಬಾರದು.

ಇನ್ನು ಕಡಿತ. 1961ರ ಆದಾಯ ತೆರಿಗೆ ಕಾಯಿದೆಯ (2025-26ರವರೆಗಿನ ಆದಾಯಕ್ಕೆ ಇದೇ) 80ಸಿಸಿಡಿ(1)ರಡಿ ಸ್ವಂತ ದುಡಿಮೆಯವರು ಒಟ್ಟು ಆದಾಯದ ಶೇ 20ರವರೆಗೆ ಕಳೆಯಬಹುದು. ‘ಒಟ್ಟು ಆದಾಯ’ ಎಂದರೆ ವರ್ಷದ ಬಿಲ್ಲಿಂಗ್ ಅಲ್ಲ. ಖರ್ಚು ಕಳೆದ ಲಾಭಕ್ಕೆ ಬಡ್ಡಿ, ಬಾಡಿಗೆಯ ಆದಾಯ ಸೇರಿಸಿದ ಮೊತ್ತ. ಬಿಲ್ಲಿಂಗ್‌ನ ಅರ್ಧವನ್ನೇ ಆದಾಯವೆಂದು ತೋರಿಸಬಹುದಾದ 44ಎಡಿಎ ಪ್ರಕಾರ ಲೆಕ್ಕ ಕೊಡುವ ಡಿಸೈನರ್ ಒಬ್ಬರ ಬಿಲ್ಲಿಂಗ್ 36 ಲಕ್ಷ ಇದ್ದರೆ ಆದಾಯ 18 ಲಕ್ಷ. ಎಫ್‌ಡಿ ಬಡ್ಡಿ 1 ಲಕ್ಷ ಸೇರಿ 19. ಶೇ 20 ಎಂದರೆ 3.8 ಲಕ್ಷ. ಆದರೂ ಅಷ್ಟು ಕಳೆಯಲಾಗದು: ಎಲ್‌ಐಸಿ, ಪಿಪಿಎಫ್, ಮಕ್ಕಳ ಶಾಲಾ ಟ್ಯೂಷನ್ ಫೀ, ಈ ಎನ್‌ಪಿಎಸ್ ಎಲ್ಲಕ್ಕೂ ಸೇರಿ ಮಿತಿ 1.5 ಲಕ್ಷ. ಅದರ ಹೊರಗೆ 80ಸಿಸಿಡಿ(1ಬಿ)ಯಲ್ಲಿ ಎನ್‌ಪಿಎಸ್‌ಗೆಂದೇ ಇನ್ನೊಂದು 50,000. ಪಿಪಿಎಫ್, ಎಲ್‌ಐಸಿಯಲ್ಲೇ 1.5 ಲಕ್ಷ ತುಂಬಿದ್ದರೆ ಎನ್‌ಪಿಎಸ್‌ನಿಂದ ಕಡಿತ ಸಿಗುವುದು ಈ 50,000ಕ್ಕೆ ಮಾತ್ರ. ಒಂದೇ ರೂಪಾಯಿಯನ್ನು ಎರಡೂ ಕಡೆ ತೋರಿಸುವಂತಿಲ್ಲ.

ಈಗ ತಾಳೆ ನೋಡಿ. ಈ ಡಿಸೈನರ್ 2 ಲಕ್ಷ ಕಳೆದರೆ ಹಳೇ ಪದ್ಧತಿಯಲ್ಲಿ ಸೆಸ್ ಬಿಟ್ಟು ತೆರಿಗೆ 3,22,500. ಏನೂ ಕಳೆಯದೆ ಹೊಸದರಲ್ಲಿ, 2025-26ರ ದರದಂತೆ, 1,80,000. ಹಳೆಯದು ಗೆಲ್ಲಬೇಕಾದರೆ ಗೃಹಸಾಲದ ಬಡ್ಡಿ, ಆರೋಗ್ಯ ವಿಮೆ ಎಲ್ಲ ಸೇರಿ ಕಡಿತ 6.75 ಲಕ್ಷ ದಾಟಬೇಕು. ಆದ್ದರಿಂದ ಕೇವಲ 50,000ದ ಆಸೆಗೆ ಹಳೇ ಪದ್ಧತಿಗೆ ಹೋಗಬೇಡಿ. ಎನ್‌ಪಿಎಸ್ ಕಟ್ಟಿ, ಖಂಡಿತ ಕಟ್ಟಿ. ಆದರೆ ಪಿಂಚಣಿಗಾಗಿ ಕಟ್ಟಿ.

ಮಾರ್ಚ್‌ನಲ್ಲಿ ‘ಟ್ಯಾಕ್ಸ್ ಉಳಿಸೋ ಪೆನ್ಷನ್ ಪಾಲಿಸಿ’ ಹಿಡಿದು ಬರುವ ಏಜೆಂಟರಿಗೆ ಬೇಡವೆಂದೇ ಹೇಳಿ. ಆ ಪ್ರೀಮಿಯಂ ಕೂಡ ಅದೇ 1.5 ಲಕ್ಷದೊಳಗೆ ಬರುತ್ತದೆ, ಮೊದಲ ವರ್ಷಗಳಲ್ಲೇ ಪಾಲಿಸಿ ನಿಲ್ಲಿಸಿದರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ.

4. ಹಣ ಕಟ್ಟಿ. ತಿಂಗಳಿಗಿಷ್ಟೆಂದು ಕಟ್ಟುವುದೇ ಸರಿ. ಸುಲಭ ದಾರಿ ಡಿ-ರೆಮಿಟ್: ವರ್ಚುವಲ್ ಖಾತೆ ಸಂಖ್ಯೆ ಮಾಡಿಕೊಂಡು ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರಾಯಿತು. ಟಿಯರ್-1, ಟಿಯರ್-2ಕ್ಕೆ (ಯಾವಾಗ ಬೇಕಾದರೂ ಹಣ ತೆಗೆಯಬಹುದಾದ ಐಚ್ಛಿಕ ಖಾತೆ) ಸಂಖ್ಯೆ ಬೇರೆ ಬೇರೆ. ಟಿಯರ್-2ಕ್ಕೆ ಬಿದ್ದ ಹಣಕ್ಕೆ ಸ್ವಂತ ದುಡಿಮೆಯವರಿಗೆ ಕಡಿತವಿಲ್ಲ, ಮೊದಲ ಕಂತು ಹೋದೊಡನೆ ಸ್ಟೇಟ್‌ಮೆಂಟ್ ತೆಗೆದು ಯಾವ ಟಿಯರ್ ಎಂದು ನೋಡಿ. ಪಿಪಿಎಫ್ ಆದರೆ ತಿಂಗಳ 5ನೇ ತಾರೀಖಿನೊಳಗೆ ಹಾಕಿ, ತಡವಾದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ.