ಗೇಮ್‌ನಲ್ಲಿ ಕೇಳಿದ ಹಳೇ ಜರ್ಮನ್ ಹಾಡು ಯಾವುದು? ಹುಡುಕುವುದು ಹೀಗೆ

ಮಹಾಯುದ್ಧದ ಗೇಮ್ ಆಡುವಾಗ ಯಾವುದೋ ಮೂಲೆಯ ರೇಡಿಯೊದಲ್ಲಿ ಹಳೇ ಜರ್ಮನ್ ಹಾಡೊಂದು ಕೇಳಿಸುತ್ತದೆ. ಗುಂಗು ಹಿಡಿಯುತ್ತದೆ. ಹೆಚ್ಚಿನವರು ಫೋನನ್ನು ಸ್ಪೀಕರ್ ಹತ್ತಿರ ಹಿಡಿದು, ಹಾಡು ಗುರುತಿಸುವ ಆ್ಯಪ್ ಶಝಾಮ್ ಒತ್ತುತ್ತಾರೆ. ಏನೂ ಬರಲಿಲ್ಲ ಅಂದರೆ ಅಲ್ಲಿಗೇ ಕೈಬಿಡುತ್ತಾರೆ. ಅಸಲಿ ಹುಡುಕಾಟ ಶುರುವಾಗುವುದೇ ಅಲ್ಲಿಂದ.

ಮೊದಲು ಗೇಮ್‌ನ ಕ್ರೆಡಿಟ್ಸ್ ಕೊನೆಯವರೆಗೂ ನೋಡಿ. ಲೈಸೆನ್ಸ್ ಪಡೆದ ಹಾಡುಗಳ ಹೆಸರು ಸಾಮಾನ್ಯವಾಗಿ ಬಾಲದಲ್ಲಿರುತ್ತದೆ.

ಸಿಗಲಿಲ್ಲವೇ? ರೆಕಾರ್ಡ್ ಮಾಡಿ. ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಮ್ಯೂಸಿಕ್ ಬಿಟ್ಟು ಉಳಿದದ್ದನ್ನೆಲ್ಲ ಸೊನ್ನೆಗೆ ಇಳಿಸಿ. ಹಾಗೆ ಮಾಡಿದಾಗ ಹಾಡೂ ನಿಂತುಹೋದರೆ ಅದು ಎಫೆಕ್ಟ್ಸ್ ಲೆಕ್ಕದಲ್ಲಿದೆ ಎಂದರ್ಥ. ಆಗ ಗುಂಡಿನ ಸದ್ದಿಲ್ಲದ ಹೊತ್ತು ನೋಡಿ ಆ ರೇಡಿಯೊ ಪಕ್ಕ ಹೋಗಿ ನಿಲ್ಲಿ. ರೆಕಾರ್ಡಿಂಗ್‌ಗೆ ಓಬಿಎಸ್ ಎಂಬ ತಂತ್ರಾಂಶ ಸಾಕು, ಅದು ಉಚಿತ. ‘ಯಾವ ಹಾಡನ್ನಾದರೂ ಹುಡುಕಿಕೊಡುತ್ತೇವೆ’ ಎನ್ನುತ್ತಾ ಜಾಹೀರಾತು ಸುರಿಸುವ ಆ್ಯಪ್‌ಗಳಿಗೆ ಮೈಕ್ ಅನುಮತಿ ಕೊಡಲೇಬೇಡಿ.

ಈಗ ಶಝಾಮ್. ಅದು ಹೋಲಿಸುವುದು ಧ್ವನಿಮುದ್ರಿಕೆಯನ್ನು, ರಾಗವನ್ನಲ್ಲ. ಗೇಮ್‌ಗೆಂದೇ ಯಾರೋ ಹೊಸದಾಗಿ ಹಾಡಿದ್ದರೆ ಮೂಲ ಹಾಡು ಸಿಗದೇ ಇರಬಹುದು. ಆಗ ಗೂಗಲ್ ಆ್ಯಪ್‌ನಲ್ಲಿ ರಾಗವನ್ನು ನೀವೇ ಗುನುಗಿ. ಮಾತೇ ಇಲ್ಲದ ಹಾಡಿಗೂ ಇದೇ ದಾರಿ. ಉದಾಹರಣೆಗೆ, 1992ರ ‘ವುಲ್ಫೆನ್‌ಸ್ಟೈನ್ 3ಡಿ’ ಗೇಮ್ ಶುರುವಾಗುವಾಗ ಬರುವ ರಾಗ ನಾಜಿ ಪಕ್ಷದ ಹೋರ್ಸ್ಟ್ ವೆಸೆಲ್ ಗೀತೆಯದು. ಜರ್ಮನಿಯಲ್ಲಿ ಆ ಗೀತೆಗೆ ನಿಷೇಧವಿದೆ. ಅದನ್ನು ರಿಂಗ್‌ಟೋನ್ ಮಾಡಿಕೊಳ್ಳುವ ಮುಂಚೆ ಏನೆಂದು ತಿಳಿದಿರುವುದು ಒಳ್ಳೆಯದು, ಅಲ್ವಾ?

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ: ಭಾಷೆ ಗೊತ್ತಿಲ್ಲದೆ ಸಾಹಿತ್ಯ ಹಿಡಿಯುವುದು. ಕೇಳಿದ್ದನ್ನು ನೇರವಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ, ಕೆಟ್ಟುಹೋಗುತ್ತದೆ. ಕನ್ನಡದಲ್ಲಿ ಬರೆಯಿರಿ. ನಮ್ಮಲ್ಲಿ ‘ಬೆ’, ‘ಬೇ’ ಬೇರೆ ಬೇರೆ. ಜರ್ಮನ್‌ನಲ್ಲೂ ಸ್ವರದ ಉದ್ದ ಮುಖ್ಯ. ಹಳೇ ಗಾಯಕರು ರಕಾರವನ್ನೂ ಹೆಚ್ಚುಕಡಿಮೆ ನಮ್ಮಂತೆಯೇ ನಾಲಿಗೆ ತುದಿಯಲ್ಲಿ ಉರುಳಿಸುತ್ತಾರೆ. ರೆಕಾರ್ಡಿಂಗ್ ಕೇಳುವಾಗ ವೇಗವನ್ನು 0.75ಕ್ಕೆ ಇಳಿಸಿ. ಮೊದಲು ಪಲ್ಲವಿ ಹಿಡಿಯಿರಿ. ಅದು ಮತ್ತೆ ಮತ್ತೆ ಬರುತ್ತದೆ, ಒಂದು ಸಲ ತಪ್ಪಿದ್ದು ಮುಂದಿನ ಸಲ ಸಿಗುತ್ತದೆ.

ಬರೆದಾದ ಮೇಲೆ ಜರ್ಮನ್ ಕಾಗುಣಿತಕ್ಕೆ ತಿರುಗಿಸಿ. ‘ವ’ ಕೇಳಿದರೆ ಡಬ್ಲ್ಯೂ ಹಾಕಿ. ‘ಫ’ ಕೇಳಿದರೆ ಎಫ್ ಇರಬಹುದು, ವಿ ಕೂಡ ಇರಬಹುದು, ಎರಡನ್ನೂ ಹಾಕಿ ನೋಡಿ. ‘ತ್ಸ’ ಅಂದರೆ ಬಹುತೇಕ ಝಡ್: ಹೃದಯ ಎನ್ನುವ ‘ಹೆರ್ತ್ಸ್’ ಮುಗಿಯುವುದು ಝಡ್‌ನಿಂದ. ‘ಶ’ಕ್ಕೆ ಎಸ್‌ಸಿಎಚ್. ಆದರೆ ಪದದ ಮೊದಲಲ್ಲಿ ‘ಶ್ಟ’ ಕೇಳಿದರೆ ಬರೀ ಎಸ್‌ಟಿ. ಕೊನೆಯ ‘ಟ್’ ಎಷ್ಟೋ ಸಲ ಡಿ ಆಗಿರುತ್ತದೆ. ‘ಉಂಟ್’ ಎಂದು ಕೇಳುವುದು ಯು-ಎನ್-ಡಿ, ಅಂದರೆ ‘ಮತ್ತು’. ‘ಓಯ್’ ಕೇಳಿದರೆ ಇ-ಯು ಹಾಕಿ ನೋಡಿ. ಜಾಸ್ತಿ ತಪ್ಪಾಗುವುದು ಇಲ್ಲಿ: ‘ಈ’ ಕೇಳಿದರೆ ಮೊದಲು ಐ ಅಕ್ಷರ, ಆಮೇಲೆ ಇ. ‘ಐ’ ಕೇಳಿದರೆ ಮೊದಲು ಇ ಅಕ್ಷರ, ಆಮೇಲೆ ಐ. ಇದನ್ನು ಅದಲುಬದಲು ಮಾಡಿದರೆ ಪ್ರೀತಿಯ ‘ಲೀಬೆ’ ಹೋಗಿ ದೇಹದ ‘ಲೈಬೆ’ ಆಗುತ್ತದೆ.

ಗಟ್ಟಿಯಾಗಿ ಸಿಕ್ಕ ಮೂರ್ನಾಲ್ಕು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ‘ಲೀಡ್‌ಟೆಕ್ಸ್ಟ್’ ಸೇರಿಸಿ ಹುಡುಕಿ. ಜರ್ಮನರು ಹಾಡಿನ ಸಾಹಿತ್ಯಕ್ಕೆ ಹಾಗೆನ್ನುತ್ತಾರೆ. ಆ ‘ಲೀ’ಗೂ ಐ ಮೊದಲು, ಇ ಆಮೇಲೆ. ಚಾಟ್‌ಬಾಟ್ ಕೇಳುವುದು ಸುಮ್ನೆ ಕಾಲಹರಣ. ಇಲ್ಲದ ಹಾಡಿನ ಹೆಸರನ್ನೂ ಅದು ಧೈರ್ಯವಾಗಿ ಹೇಳಿಬಿಡುತ್ತದೆ. ಜನಪದ ಗೀತೆ ಎನಿಸಿದರೆ ಜರ್ಮನಿಯ ಫ್ರೈಬುರ್ಗ್‌ನ ಜಾನಪದ ಗೀತ ಸಂಗ್ರಹಾಲಯದವರು ರೂಪಿಸಿದ ಆನ್‌ಲೈನ್ ಗೀತಕೋಶ ನೋಡಿ. ಆ ಸಂಗ್ರಹಾಲಯ ಶುರುವಾದದ್ದು 1914ರಲ್ಲಿ.

ಹೆಸರು ಸಿಕ್ಕರೂ ಹಾಡು ನಿಜವಾಗಿ ಹಳೆಯದೇ ಎಂದು ಪರೀಕ್ಷಿಸಿ. 2014ರ ‘ವುಲ್ಫೆನ್‌ಸ್ಟೈನ್: ದ ನ್ಯೂ ಆರ್ಡರ್’ ನಡೆಯುವುದು ನಾಜಿಗಳು ಗೆದ್ದ ಕಾಲ್ಪನಿಕ 1960ರಲ್ಲಿ. ಅದರಲ್ಲಿ ‘ಡೀ ಕೇಫರ್’ ಎಂಬ ತಂಡದ ‘ಮೋಂಡ್, ಮೋಂಡ್, ಯಾ, ಯಾ’ ಇದೆ. ಅರವತ್ತರ ದಶಕದ್ದು ಎಂದೇ ನಂಬಿಕೆ ಬರುತ್ತದೆ. ಆದರೆ ತಂಡವೂ ಕಟ್ಟುಕತೆ, ಹಾಡೂ ಗೇಮ್‌ಗೆಂದೇ ಮಾಡಿದ್ದು. ಹಳೇ ರೆಕಾರ್ಡ್ ಪಟ್ಟಿಗಳಲ್ಲಿ ಹುಡುಕಿದರೆ ಏನು ಸಿಗಬೇಕು!

ಕೊನೆಗೆ ಹಾಡಿದವರು ಯಾರು ಎಂಬ ಪ್ರಶ್ನೆ. ‘ಲಿಲಿ ಮಾರ್ಲೇನ್’ ತೆಗೆದುಕೊಳ್ಳಿ. ಹಾನ್ಸ್ ಲೈಪ್ ಕವಿತೆ ಬರೆದದ್ದು 1915ರಲ್ಲಿ, ನೋರ್ಬರ್ಟ್ ಶುಲ್ಟ್ಸೆ ರಾಗ ಹಾಕಿದ್ದು 1938ರಲ್ಲಿ, ಲಾಲೆ ಆಂಡರ್ಸನ್ ಹಾಡಿದ್ದು 1939ರಲ್ಲಿ. ಆಮೇಲೆ ಮಾರ್ಲೀನ್ ಡೀಟ್ರಿಶ್ ಕೂಡ ಹಾಡಿದರು. ‘ಲ್ಯಾಂಪ್ ಕೆಳಗಿನ ಹುಡುಗಿ’ ಎಂಬರ್ಥದ ಇನ್ನೊಂದು ಹೆಸರೂ (‘ಡಾಸ್ ಮೇಡ್‌ಶೆನ್ ಉಂಟರ್ ಡೇರ್ ಲಾಟೆರ್ನೆ’) ಈ ಹಾಡಿಗಿದೆ, ಆ ಹೆಸರಿನಲ್ಲೂ ಹುಡುಕಿ. ಧ್ವನಿಮುದ್ರಿಕೆಗಳ ಪಟ್ಟಿ ಇರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಸಿಗುವ ಮುದ್ರಿಕೆಗಳನ್ನು ಸಾಲಾಗಿ ಪಟ್ಟಿ ಮಾಡಿ, ಒಂದೊಂದರ ಆರಂಭವನ್ನೂ ನಿಮ್ಮ ರೆಕಾರ್ಡಿಂಗ್ ಜೊತೆ ಹೋಲಿಸಿ. ಆಂಡರ್ಸನ್ ಅವರದ್ದು ಸೈನ್ಯದ ಕಹಳೆಯಿಂದ ಶುರುವಾಗುತ್ತದೆ.