ಪ್ರೇರಿಯ ಬಿಳಿ ಆರ್ಕಿಡ್: ಗುರುತಿಸುವುದು ಹೇಗೆ, ಉಳಿಸುವುದು ಹೇಗೆ?

ಬೇಸಿಗೆಯಲ್ಲಿ ಮಗನ ಮನೆ, ಮಗಳ ಮನೆ ಅಂತ ಷಿಕಾಗೊ ಕಡೆ ಹೋಗುವವರು ಬಹಳ ಜನ ಅಲ್ವಾ? ಮಾಲ್ ಸುತ್ತಿ ಬೇಜಾರಾದರೆ ಅಲ್ಲಿನ ಹುಲ್ಲುಗಾವಲಿಗೆ, ಅಂದರೆ ಪ್ರೇರಿಗೆ ಹೋಗಿ. ಷಿಕಾಗೊ ಇರುವ ಇಲಿನಾಯ್ಸ್‌ಗೆ ‘ಪ್ರೇರಿ ರಾಜ್ಯ’ ಎಂದೇ ಹೆಸರು. ಆದರೆ ಕೆಡದೆ ಉಳಿದ ಹಳೆಯ ಪ್ರೇರಿ ಶೇ 0.01ಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ಮೆಕ್ಕೆಜೋಳ, ಸೋಯಾ ಹೊಲ, ಊರು. ಅಲ್ಲಿನ ಅಪರೂಪದ ಬಿಳಿ ಆರ್ಕಿಡ್, ಈಸ್ಟರ್ನ್ ಪ್ರೇರಿ ಫ್ರಿಂಜ್ಡ್ ಆರ್ಕಿಡ್, 1989ರಿಂದ ಕಾನೂನಿನ ರಕ್ಷಣೆಯಲ್ಲಿದೆ.

ಮೊದಲು ಕಾಲ, ಜಾಗ. ಜೂನ್ ಕೊನೆಯಿಂದ ಜುಲೈ ಮೊದಲ ವಾರಗಳು. ಬಿಸಿಲು ಬೀಳುವ, ತೇವದ ನೆಲ. ಮಲೆನಾಡಿನ ಮರಗಳ ಮೇಲೆ ಬೆಳೆಯುವ ಸೀತಾಳೆ ದಂಡೆ ಆರ್ಕಿಡ್ ಕಂಡವರು ಮರ ನೋಡುತ್ತಾ ಹೋಗಬೇಡಿ, ಇದು ನೆಲದ ಗಿಡ.

ಇನ್ನು ಗುರುತು. ಒಂದೇ ದಂಟು, ಎತ್ತರ ಹೆಚ್ಚೆಂದರೆ ಒಂದು ಮೀಟರ್. ತುದಿಯಲ್ಲಿ 5ರಿಂದ 40 ಕೆನೆಬಿಳಿ ಹೂಗಳು. ಕೆಳದಳ ಮೂರಾಗಿ ಸೀಳಿರುತ್ತದೆ, ಪ್ರತಿ ಸೀಳಿನ ಅಂಚೂ ಸೀರೆ ಸೆರಗಿಗೆ ಕುಚ್ಚು ಕಟ್ಟಿದ ಹಾಗೆ. ಹೂವಿನ ಹಿಂದೆಯೂ ಬಗ್ಗಿ ನೋಡಿ: ಉದ್ದನೆಯ ತೆಳು ಕೊಳವೆ ಇಳಿಬಿದ್ದಿರುತ್ತದೆ. ಮಕರಂದ ಇರುವುದು ಅದರೊಳಗೆ. ಅಲ್ಲಿಗೆ ಎಟುಕುವಷ್ಟು ಉದ್ದದ ಸೊಂಡಿಲು ಹಾಕ್‌ಮಾತ್ ಎಂಬ ಪತಂಗಕ್ಕಿದೆ. ಅದು ಕತ್ತಲಾದ ಮೇಲೆ ಬರುತ್ತದೆ, ಹೂವೂ ಆಗಲೇ ಜಾಸ್ತಿ ಘಮ್ಮೆನ್ನುತ್ತದೆ. ಹೂ ಚಿಕ್ಕದಾಗಿ, ಹಸಿರು ಛಾಯೆ ಇದ್ದರೆ ಅದು ಇದರ ದಾಯಾದಿ, ರ‍್ಯಾಗೆಡ್ ಫ್ರಿಂಜ್ಡ್ ಆರ್ಕಿಡ್.

ಸಿಕ್ಕಿತಾ? ಮುಟ್ಟಬೇಡಿ. ಸುತ್ತ ತುಳಿದಾಡಬೇಡಿ. ಕಿತ್ತು ಕುಂಡದಲ್ಲಿ ಇಡುವ ಯೋಚನೆಯಂತೂ ಬೇಡವೇ ಬೇಡ, ಮಣ್ಣಿನ ಶಿಲೀಂಧ್ರದ ನಂಟಿನಲ್ಲೇ ಇದು ಬದುಕುವುದು. ಫೋಟೊ ತೆಗೆದು ಆ ಜಾಗ ನೋಡಿಕೊಳ್ಳುವವರಿಗೆ ತಿಳಿಸಿ. ಫೇಸ್‌ಬುಕ್‌ನಲ್ಲಿ ಜಾಗದ ಹೆಸರು ಹಾಕಬೇಡಿ, ಗಿಡ ಕದಿಯುವವರೂ ನೋಡುತ್ತಾರೆ.

ಉಳಿಸುವ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಕೈಯಿಂದ ಮಾಡುವ ಪರಾಗಸ್ಪರ್ಶ. ಅನುಮತಿ ಪಡೆದ ಸ್ವಯಂಸೇವಕರು ಹಲ್ಲುಕಡ್ಡಿಯ ತುದಿಯನ್ನು ಹೂವಿನೊಳಗೆ ಮೆಲ್ಲಗೆ ತಾಗಿಸುತ್ತಾರೆ. ಹಳದಿ ಪರಾಗದ ಗಂಟು ಅಂಟಿಕೊಂಡು ಬರುತ್ತದೆ. ಅದನ್ನು ಬೇರೆ ಗಿಡದ ಹೂವಿಗೆ ಒತ್ತುತ್ತಾರೆ. ಪ್ರೇರಿಗಳು ಈಗ ತುಂಡು ತುಂಡು, ಪತಂಗವನ್ನೇ ನಂಬಿ ಕೂರುವಂತಿಲ್ಲ. ಜಿಂಕೆ ಮೇಯದಂತೆ ಗಿಡಕ್ಕೆ ತಂತಿ ಬಲೆಯ ಗೂಡು ಕಟ್ಟುವುದೂ ಉಂಟು. ಕಾಯಿ ಬಲಿತ ಮೇಲೆ ಧೂಳಿನಷ್ಟು ಸಣ್ಣ ಬೀಜ ತೆಗೆದು, ಒಂದಷ್ಟನ್ನು ಬೇರೆ ಪ್ರೇರಿಗಳಲ್ಲಿ ಚೆಲ್ಲುತ್ತಾರೆ. ಹೂ ಬಿಡಲು ವರ್ಷಗಳೇ ಬೇಕು.

ಅಲ್ಲೇ ನೆಲೆಸಿದವರು ಸ್ಥಳೀಯ ಸ್ವಯಂಸೇವಕರ ತಂಡ ಸೇರಿ ತರಬೇತಿ ಪಡೆಯಬಹುದು. ಹೋಗುವಾಗ ಉದ್ದ ಪ್ಯಾಂಟು, ಕಾಲುಚೀಲ ಇರಲಿ. ಆ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳ (ಟಿಕ್) ಕಾಟ ಜಾಸ್ತಿ.