ಕೌಂಟರಿನ ಲೆಕ್ಕ ಗೋಡೌನಿಗೆ: ಎರಡು ಕಂಪ್ಯೂಟರಿನ ಡೇಟಾಬೇಸ್ ಸಿಂಕ್ ಮಾಡಿದ ನನ್ನ ಅನುಭವ

ಫೋಟೊ, ಪಿಡಿಎಫ್, ಕೊಟೇಶನ್ ಪತ್ರ ಇವನ್ನೆಲ್ಲ ಎರಡು ಕಂಪ್ಯೂಟರಿನಲ್ಲಿ ಒಂದೇ ಥರ ಇಟ್ಟುಕೊಳ್ಳುವುದಕ್ಕೆ, ಅಂದರೆ ಸಿಂಕ್ ಮಾಡುವುದಕ್ಕೆ, ಈಗ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ಫೋಲ್ಡರ್ ತೋರಿಸಿದರೆ ಮುಗಿಯಿತು, ಮಿಕ್ಕಿದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಅದೇ ಫೋಲ್ಡರಿಗೆ ಡೇಟಾಬೇಸ್ ಫೈಲು ಹಾಕಿ ನೋಡಿ, ಆಗ ಗೊತ್ತಾಗುತ್ತದೆ ಕಷ್ಟ.

ಸಾಗರದ ಕಡೆಯ ಒಂದು ಕೃಷಿ ಸಾಮಗ್ರಿ ಅಂಗಡಿಗೆ ಬಿಲ್ಲಿಂಗ್ ಮತ್ತು ಸ್ಟಾಕಿನ ಪ್ರೋಗ್ರಾಮು ಬರೆದುಕೊಟ್ಟವನು ನಾನು. ಪೈಥಾನ್‌ನಲ್ಲಿ ಬರೆದದ್ದು, ಡೇಟಾ ಎಲ್ಲ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಸಾಫ್ಟ್‌ವೇರಿನ ಒಂದೇ ಫೈಲಿನಲ್ಲಿ. ಅಂಗಡಿ ಪೇಟೆಯಲ್ಲಿ, ಗೋಡೌನು ಊರಾಚೆ. ಕೌಂಟರಿನಲ್ಲಿ ವಿಂಡೋಸ್, ಗೋಡೌನಿನ ಹಳೆ ಕಂಪ್ಯೂಟರಿನಲ್ಲಿ ಲಿನಕ್ಸ್. ಮೇ ಕೊನೆಯಿಂದ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ತಯಾರಿ ಶುರುವಾಗುತ್ತದಲ್ಲ, ಆಗ ಮೈಲುತುತ್ತ, ಸುಣ್ಣ, ಸ್ಪ್ರೇಯರ್ ಪೈಪು, ವಾಷರು ಅಂತ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಕರೆಂಟು ಹೋಗುವುದೂ, ನೆಟ್ಟು ಸಾಯುವುದೂ ಸರಿಯಾಗಿ ಆಗಲೇ. ಹಾಗಾಗಿ ಒಂದೇ ಸರ್ವರ್ ಇಟ್ಟು ಎರಡೂ ಕಡೆಯಿಂದ ಅದಕ್ಕೇ ಬರೆಯುವುದು ಇಲ್ಲಿ ನಡೆಯುವ ಮಾತಲ್ಲ. ನಿಮ್ಮ ಎರಡೂ ಯಂತ್ರ ಒಂದೇ ಕಟ್ಟಡದಲ್ಲಿ, ಒಂದೇ ಕೇಬಲ್ಲಿನಲ್ಲಿ ಇದ್ದರೆ ಮುಂದೆ ಓದುವುದೇ ಬೇಡ. ಪೋಸ್ಟ್‌ಗ್ರೆಸ್‌ನಂಥ ಸರ್ವರ್ ಡೇಟಾಬೇಸ್ ಹಾಕಿ ನೆಮ್ಮದಿಯಾಗಿರಿ.

ನಾನು ಹೋಗುವ ಹೊತ್ತಿಗೆ ಯಜಮಾನರ ಅಳಿಯ ಒಂದು ಉಪಾಯ ಮಾಡಿಟ್ಟಿದ್ದರು. ಡೇಟಾಬೇಸ್ ಇರುವ ಫೋಲ್ಡರನ್ನೇ ಸಿಂಕಿಗೆ ಹಾಕಿದ್ದರು. ಯಜಮಾನರ ದೂರು ಇಷ್ಟು: "ಬೆಳಿಗ್ಗೆಯಿಂದ ಬಿಲ್ಲು ಹಾಕ್ತಾ ಇದೀವಿ ಮಾರಾಯ, ಗೋಡೌನಲ್ಲಿ ಒಂದೂ ಕಾಣೂದಿಲ್ವಂತೆ. ರಾತ್ರಿ ಅಂಗಡಿ ಮುಚ್ಚಿದ್ಮೇಲೆ ಎಲ್ಲಾ ಒಟ್ಟಿಗೆ ಬರ್ತದಂತೆ."

ಕೌಂಟರಿನ ಫೋಲ್ಡರ್ ತೆರೆದು ನೋಡಿದೆ. ಅಲ್ಲಿ ಒಂದಲ್ಲ, ಮೂರು ಫೈಲು. ಮುಖ್ಯ ಡೇಟಾಬೇಸ್ ಫೈಲಿನ ಸಮಯ ಹಿಂದಿನ ರಾತ್ರಿ ಎಂಟೂಕಾಲು. ಅದರದೇ ಹೆಸರಿನ ತುದಿಗೆ 'ವಾಲ್' ಎಂದಿದ್ದ ಇನ್ನೊಂದು ಫೈಲಿನ ಸಮಯ ಆ ಕ್ಷಣದ್ದು. 'ಶಮ್' ಎಂಬ ಮೂರನೆಯದು ಬರೀ 32 ಕೆಬಿ. ಇಡೀ ಕಥೆ ಇಲ್ಲೇ ಇದೆ. 2010ರಲ್ಲಿ ಬಂದ ಎಸ್‌ಕ್ಯೂಲೈಟ್ 3.7.0 ಆವೃತ್ತಿಯಿಂದ ವಾಲ್ ಎಂಬ ಬರೆಯುವ ಕ್ರಮ ಇದೆ. ಅದನ್ನು ಹಾಕಿಕೊಂಡರೆ ಹೊಸ ನಮೂದು ನೇರ ಮುಖ್ಯ ಫೈಲಿಗೆ ಹೋಗುವುದಿಲ್ಲ. ಅಂಗಡಿಯವರು ಮೊದಲು ಕಚ್ಚಾ ಪುಸ್ತಕದಲ್ಲಿ ಬರೆದು ಆಮೇಲೆ ಖಾತೆಗೆ ಎತ್ತಿ ಹಾಕುವಂತೆ ಮೊದಲು ವಾಲ್ ಫೈಲಿಗೆ ಬೀಳುತ್ತದೆ. ಎತ್ತಿ ಹಾಕುವ ಕೆಲಸಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ನಾವು ಏನೂ ಬದಲಿಸದಿದ್ದರೆ ವಾಲ್ ಫೈಲು 1000 ಪುಟ (ಡೇಟಾಬೇಸ್ ತನ್ನ ಫೈಲನ್ನು ಭಾಗ ಮಾಡಿಕೊಳ್ಳುವ ಸಮ ಅಳತೆಯ ತುಣುಕು) ತಲುಪಿದಾಗ, ಇಲ್ಲವೇ ಡೇಟಾಬೇಸನ್ನು ಹಿಡಿದಿರುವ ಕೊನೆಯ ಪ್ರೋಗ್ರಾಮು ಮುಚ್ಚಿದಾಗ ಅದು ಆಗುತ್ತದೆ. ಪುಟವೊಂದಕ್ಕೆ 4096 ಬೈಟ್ ಲೆಕ್ಕ ಹಿಡಿದರೆ ಸುಮಾರು 4 ಎಂಬಿ. ಇಂಥ ಅಂಗಡಿಯಲ್ಲಿ ದಿನವಿಡೀ ಬಿಲ್ಲು ಹಾಕಿದರೂ ಕೆಲವೊಮ್ಮೆ ಅಷ್ಟು ತುಂಬುವುದಿಲ್ಲ. ಸಂಜೆ ಪ್ರೋಗ್ರಾಮು ಮುಚ್ಚುವವರೆಗೆ ಮುಖ್ಯ ಫೈಲು ಮಿಸುಕಾಡುವುದೇ ಇಲ್ಲ. ಅಳಿಯಂದಿರು ಮುಖ್ಯ ಫೈಲನ್ನು ಮಾತ್ರ ಕಳಿಸುವಂತೆ ಹೊಂದಿಸಿದ್ದರು, ಉಳಿದೆರಡು ಕಸ ಅಂದುಕೊಂಡು.

ಹಾಗಾದರೆ ಮೂರನ್ನೂ ಕಳಿಸಿದರೆ? ಅದು ಇನ್ನೂ ಅಪಾಯ. ಸಿಂಕ್ ಸಾಫ್ಟ್‌ವೇರಿಗೆ ಇವು ಮೂರು ಬೇರೆ ಬೇರೆ ಫೈಲು. ಒಂದನ್ನು ಈಗ, ಇನ್ನೊಂದನ್ನು ಎರಡು ಸೆಕೆಂಡು ಬಿಟ್ಟು ಓದುತ್ತದೆ. ಆ ನಡುವೆ ಚೆಕ್‌ಪಾಯಿಂಟ್ ಆಗಿಬಿಟ್ಟರೆ ಆಚೆ ಕಡೆ ತಲುಪುವುದು ಒಂದಕ್ಕೊಂದು ಹೊಂದದ ಜೋಡಿ.

ಇದಕ್ಕಿಂತ ಕಣ್ಣಿಗೆ ಬೀಳದ ತೊಂದರೆ ಗೋಡೌನಿನ ಲಿನಕ್ಸ್ ಕಡೆ ಇತ್ತು. ಸಿಂಕ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಹೊಸ ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಇಳಿಸಿ, ಪೂರ್ತಿಯಾದ ಮೇಲೆ ಹಳೆಯದರ ಜಾಗಕ್ಕೆ ಹೆಸರು ಬದಲಿಸುತ್ತವೆ. ಹಳೆ ಫೈಲನ್ನು ಯಾವುದೋ ಪ್ರೋಗ್ರಾಮು ತೆರೆದಿಟ್ಟುಕೊಂಡಿದ್ದರೆ ವಿಂಡೋಸ್ ಸಾಮಾನ್ಯವಾಗಿ ಇದಕ್ಕೆ ಅಡ್ಡ ಬರುತ್ತದೆ. ಸಿಂಕ್ ಅಲ್ಲೇ ನಿಂತು ದೂರು ಹೇಳುತ್ತದೆ. ಲಿನಕ್ಸ್ ಏನೂ ಅನ್ನುವುದಿಲ್ಲ. ಹೆಸರು ಹೊಸ ಫೈಲಿಗೆ ಹೋಗುತ್ತದೆ, ತೆರೆದಿದ್ದ ಪ್ರೋಗ್ರಾಮು ಮಾತ್ರ ಹೆಸರಿಲ್ಲದ ಹಳೆ ಫೈಲನ್ನೇ ಹಿಡಿದು ಬರೆಯುತ್ತಾ ಕೂರುತ್ತದೆ. ಆ ಬರೆದದ್ದು ಹೊಸ ಫೈಲಿಗೆ ಸೇರುವುದಿಲ್ಲ. ಹಿಂದೆ ಉಳಿದ ವಾಲ್ ಫೈಲು ಮುಂದಿನ ಸಲ ತನ್ನದಲ್ಲದ ಡೇಟಾಬೇಸಿನ ಪಕ್ಕ ಬಿದ್ದಿರುತ್ತದೆ. 'ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್', ಅಂದರೆ ಫೈಲು ಕೆಟ್ಟಿದೆ ಎಂಬ ಸಾಲು ಬರುವುದು ಇಂಥ ಹಾದಿಯಲ್ಲೇ.

ಇಷ್ಟು ನೋಡಿದ ಮೇಲೆ ಒಂದು ತೀರ್ಮಾನಕ್ಕೆ ಬಂದೆ, ಅದನ್ನು ಈವರೆಗೂ ಬದಲಿಸಿಲ್ಲ: ಚಾಲ್ತಿಯಲ್ಲಿರುವ ಡೇಟಾಬೇಸ್ ಫೈಲು ಸಿಂಕ್ ಫೋಲ್ಡರಿನೊಳಗೆ ಕಾಲಿಡಬಾರದು. ಒಳಗೆ ಹೋಗುವುದು ಅದರ ಪ್ರತಿ ಮಾತ್ರ. ಮತ್ತೆ, ಒಂದು ಫೈಲಿಗೆ ಬರೆಯುವ ಯಂತ್ರ ಒಂದೇ. ಯಾವ ಸಾಫ್ಟ್‌ವೇರ್ ಬಳಸಬೇಕೆಂಬುದು ಆಮೇಲಿನ ಮಾತು.

ಮೊದಲು ಒಂದು ದಿಕ್ಕಿನ ಕೆಲಸ ಮುಗಿಸಿದೆ. ಕೌಂಟರಿನ ಪ್ರೋಗ್ರಾಮು ಹತ್ತು ನಿಮಿಷಕ್ಕೊಮ್ಮೆ ಎಸ್‌ಕ್ಯೂಲೈಟಿನ ಬ್ಯಾಕಪ್ ಸೌಲಭ್ಯ ಬಳಸಿ ಒಂದು ಪ್ರತಿ ತೆಗೆಯುತ್ತದೆ. ಪೈಥಾನ್ 3.7ರಿಂದ ಇದು ಭಾಷೆಯೊಳಗೇ ಇದೆ, ಒಂದು ಸಾಲಿನ ಕೆಲಸ. ವಾಲ್‌ನಲ್ಲಿ ಇರುವುದನ್ನೂ ಸೇರಿಸಿಕೊಂಡು ಆ ಕ್ಷಣದ ಪೂರ್ತಿ ಚಿತ್ರ ಸಿಗುತ್ತದೆ, ಬಿಲ್ಲು ಹಾಕುವವರ ಕೈ ನಿಲ್ಲುವುದಿಲ್ಲ. ಪ್ರತಿಯನ್ನು ಬೇರೊಂದು ಫೋಲ್ಡರಿನಲ್ಲಿ ತಯಾರಿಸಿ, ಫೈಲು ಕೆಟ್ಟಿಲ್ಲವೆಂದು ನೋಡುವ ಇಂಟೆಗ್ರಿಟಿ ಚೆಕ್ ನಡೆಸಿ, 'ಓಕೆ' ಬಂದರೆ ಮಾತ್ರ ಸಿಂಕ್ ಫೋಲ್ಡರಿಗೆ ಸರಿಸುತ್ತೇನೆ. ಕಳಿಸುವ ಮೊದಲು ಪ್ರತಿಯನ್ನು ವಾಲ್ ಕ್ರಮದಿಂದ, ನೇರ ಮುಖ್ಯ ಫೈಲಿಗೇ ಬರೆಯುವ ಹಳೆಯ ಜರ್ನಲ್ ಕ್ರಮಕ್ಕೆ ಬದಲಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಗೋಡೌನಿನಲ್ಲಿ ಬರೀ ಓದಲು ತೆರೆದರೂ ಪಕ್ಕದಲ್ಲಿ ವಾಲ್, ಶಮ್ ಮರಿಗಳು ಹುಟ್ಟುತ್ತವೆ.

ಪ್ರತಿ ತೆಗೆಯಲು ವ್ಯಾಕ್ಯೂಮ್ ಇಂಟು ಎಂಬ ಆಜ್ಞೆಯೂ ಇದೆ, 2019ರಿಂದ. ಫೈಲು ಚಿಕ್ಕದಾಗಿ, ಚೊಕ್ಕವಾಗಿ ಬರುತ್ತದೆ. ನಾನು ಅದನ್ನು ಬಿಟ್ಟೆ. ಸಾಗಿಸಲು ಬಳಸುವುದು ಸಿಂಕ್‌ಥಿಂಗ್ ಎಂಬ ಸಿಂಕ್ ಸಾಫ್ಟ್‌ವೇರ್. ಅದು ಫೈಲನ್ನು ತುಂಡುಗಳಾಗಿ ನೋಡಿ ಬದಲಾದ ತುಂಡನ್ನಷ್ಟೇ ಕಳಿಸುತ್ತದೆ. ನಮ್ಮ ಅಳತೆಯ ಫೈಲಿಗೆ ತುಂಡೊಂದಕ್ಕೆ 128 ಕೆಬಿ. ಬ್ಯಾಕಪ್ ವಿಧಾನದಲ್ಲಿ ಪ್ರತಿಯೊಂದು ಪುಟವೂ ಇದ್ದ ಜಾಗದಲ್ಲೇ ಇರುತ್ತದೆ, ಹಾಗಾಗಿ ಹತ್ತು ನಿಮಿಷದಲ್ಲಿ ಮುಟ್ಟಿದ ತುಂಡುಗಳು ಮಾತ್ರ ಹೋಗುತ್ತವೆ. ವ್ಯಾಕ್ಯೂಮ್ ಪುಟಗಳನ್ನು ಹೊಸದಾಗಿ ಜೋಡಿಸುತ್ತದೆ. ಫೈಲಿನ ಆರಂಭದ ಕಡೆ ಒಂದು ಪುಟ ಹೆಚ್ಚಾದರೆ ಅದರ ನಂತರದ್ದೆಲ್ಲ ಸರಿದು, ಹೆಚ್ಚುಕಡಿಮೆ ಇಡೀ ಫೈಲೇ ಹೊಸದಾಗಿ ಕಾಣುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನಡೆಯುವ ಗೋಡೌನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎರಡೂ ಕಡೆ ಎಸ್‌ಎಸ್‌ಎಚ್ (ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ವ್ಯವಸ್ಥೆ) ಇದ್ದವರಿಗೆ ಇನ್ನೊಂದು ದಾರಿ ಇದೆ: 2024ರ ಅಕ್ಟೋಬರಿನಲ್ಲಿ ಬಂದ 3.47.0 ಆವೃತ್ತಿಯ ಜೊತೆ ಎಸ್‌ಕ್ಯೂಲೈಟಿನವರೇ ಕೊಟ್ಟ, ಬದಲಾದ ಭಾಗವನ್ನಷ್ಟೇ ಕಳಿಸುವ ಆರ್‌ಸಿಂಕ್ ಮಾದರಿಯ ಸಲಕರಣೆ. ಚಾಲ್ತಿಯಲ್ಲಿರುವ ಡೇಟಾಬೇಸಿನಿಂದಲೇ ಅದು ಸರಿಯಾದ ಪ್ರತಿ ಮಾಡುತ್ತದೆ. ಕೌಂಟರಿನ ವಿಂಡೋಸಿಗೆ ಎಸ್‌ಎಸ್‌ಎಚ್ ಹಾಕಿ ಅದನ್ನು ಕಾಯುವ ಉಸಾಬರಿ ನನಗೆ ಬೇಡವೆನಿಸಿತು.

ಅಷ್ಟಕ್ಕೆ ಗೋಡೌನಿನವರಿಗೆ ಕೌಂಟರಿನ ಲೆಕ್ಕ ಕಂಡಿತು. ಆದರೆ ಮಾಲು ಇಳಿಯುವುದು ಗೋಡೌನಿನಲ್ಲಿ, ಅವರೂ ಬರೆಯಬೇಕಲ್ಲ. ನಿಜವಾದ ಕೆಲಸ ಇಲ್ಲಿತ್ತು.

ಮೊದಲಿನ ಪ್ರೋಗ್ರಾಮಿನಲ್ಲಿ ಮೈಲುತುತ್ತದ ಮುಂದೆ '40 ಚೀಲ' ಎಂದು ಒಂದು ಅಂಕಿ ಇರುತ್ತಿತ್ತು. ನೆಟ್ಟಿಲ್ಲದ ಹೊತ್ತಿನಲ್ಲಿ ಕೌಂಟರು 3 ಚೀಲ ಮಾರಿ ಅದನ್ನು 37 ಮಾಡುತ್ತದೆ. ಅದೇ ಹೊತ್ತಿಗೆ ಗೋಡೌನಿಗೆ 20 ಚೀಲ ಬಂದು ಅಲ್ಲಿ 60 ಆಗುತ್ತದೆ. ನೆಟ್ಟು ಬಂದಾಗ ಯಾವುದನ್ನು ಉಳಿಸಿಕೊಳ್ಳುತ್ತೀರಿ? ಎರಡೂ ತಪ್ಪು, ಇರುವುದು 57. ಕೊನೆಗೆ ಬರೆದದ್ದೇ ಗೆಲ್ಲಲಿ ಎಂಬ ನಿಯಮಕ್ಕೆ ಇಲ್ಲಿ ಅರ್ಥವಿಲ್ಲ. ಅದರ ಮೇಲೆ ಗೋಡೌನಿನ ಯಂತ್ರದ ಮದರ್‌ಬೋರ್ಡಿನ ಸೆಲ್ ಸತ್ತಿತ್ತು. ನೆಟ್ಟಿಲ್ಲದೆ ಆನ್ ಮಾಡಿದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತು. ಗಡಿಯಾರ ನಂಬಿ ಯಾರು ಕೊನೆ ಎಂದು ಹೇಳುವುದು ಹೇಗೆ?

ಹಾಗಾಗಿ ದಾಸ್ತಾನಿನ ಅಂಕಿಯನ್ನೇ ಡೇಟಾಬೇಸಿನಿಂದ ತೆಗೆದುಹಾಕಿದೆ. ಈಗ ಇರುವುದು ಚಲನೆಗಳು ಮಾತ್ರ: ಇಪ್ಪತ್ತು ಬಂತು, ಮೂರು ಹೋಯಿತು. ಸ್ಟಾಕ್ ಎಂದರೆ ಅವುಗಳ ಮೊತ್ತ. ಕೌಂಟರು ತನ್ನ ಚಲನೆಗಳನ್ನು ಕೌಂಟರಿನ ಫೈಲಿಗೆ ಬರೆಯುತ್ತದೆ, ಗೋಡೌನು ಗೋಡೌನಿನ ಫೈಲಿಗೆ. ಎರಡರ ಪ್ರತಿಗಳೂ ಎದುರಾಬದುರಾ ಹೋಗುತ್ತವೆ. ಸಿಂಕ್‌ಥಿಂಗಿನಲ್ಲಿ ಒಂದೊಂದು ಫೋಲ್ಡರೂ ಒಂದು ಕಡೆ ಕಳಿಸಲು ಮಾತ್ರ, ಇನ್ನೊಂದು ಕಡೆ ಪಡೆಯಲು ಮಾತ್ರ. ಪ್ರೋಗ್ರಾಮು ತನ್ನ ಫೈಲಿನ ಜೊತೆ ಆಚೆಯವರ ಪ್ರತಿಯನ್ನೂ ತೆರೆದು ಜೋಡಿಸಿ (ಅಟ್ಯಾಚ್ ಮಾಡಿ)ಕೊಂಡು ಎರಡನ್ನೂ ಒಟ್ಟಿಗೆ ಕೂಡಿ ತೋರಿಸುತ್ತದೆ; ಓದುವಷ್ಟು ಹೊತ್ತು ತೆರೆದು ಕೂಡಲೇ ಮುಚ್ಚುತ್ತದೆ, ಹೊಸ ಪ್ರತಿ ಬಂದು ಕೂರಲು ಅಡ್ಡಿಯಾಗಬಾರದು ಅಂತ. ಎರಡು ಕೈ ಒಂದೇ ಫೈಲಿಗೆ ಬರೆಯುವುದೇ ಇಲ್ಲವಾದ್ದರಿಂದ 'ಸಿಂಕ್ ಕಾನ್‌ಫ್ಲಿಕ್ಟ್' ಎಂಬ ಬಾಲ ಹೊತ್ತ ಫೈಲುಗಳೂ ಹುಟ್ಟುವುದಿಲ್ಲ.

ಸಾಲುಗಳ ಗುರುತಿಗೆ ಯುಯುಐಡಿ (ಎಲ್ಲೂ ಮರುಕಳಿಸದಂತೆ ಕಂಪ್ಯೂಟರೇ ಹುಟ್ಟಿಸುವ ಉದ್ದನೆಯ ಗುರುತು) ಬಳಸಿ ಎಂದು ಹಲವರು ಹೇಳುತ್ತಾರೆ. ಬಿಲ್ಲಿಗೆ ಅದು ಆಗಿಬರುವುದಿಲ್ಲ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಮತ್ತೆ ಬರಬಾರದು. ಯುಯುಐಡಿ ಬರೆದರೆ 36 ಅಕ್ಷರ. ಅದೇ ನಿಯಮ ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಬಿಡುತ್ತದೆ, ನಮಗೆ ಅದೇ ಬೇಕಾದದ್ದು. ಕೌಂಟರಿಗೆ ಒಂದು ಅಕ್ಷರ, ಗೋಡೌನಿಗೆ ಒಂದು ಅಕ್ಷರ, ಮುಂದೆ ಕ್ರಮಸಂಖ್ಯೆ. ಇದರಲ್ಲಿ ಇನ್ನೊಂದು ಲಾಭ: ಏರುತ್ತಾ ಹೋಗುವ ಸಂಖ್ಯೆಯ ಸಾಲುಗಳು ಟೇಬಲ್ಲಿನ ತುದಿಗೇ ಸೇರುತ್ತವೆ, ಬದಲಾಗುವ ಪುಟ ಕಡಿಮೆ, ಸಿಂಕ್ ಹಗುರ. ಯುಯುಐಡಿಯಾದರೆ ಇಂಡೆಕ್ಸಿನಲ್ಲಿ (ಡೇಟಾಬೇಸಿನ ಹುಡುಕುವ ಸೂಚಿಯಲ್ಲಿ) ಅಲ್ಲೊಂದು ಇಲ್ಲೊಂದು ಚದುರಿ ಬೀಳುತ್ತಿತ್ತು.

ಅಳಿಸುವುದನ್ನೂ ನಿಲ್ಲಿಸಿದೆ. ತಪ್ಪು ಬಿಲ್ಲು ಹಾಕಿದರೆ ಅದನ್ನು ರದ್ದು ಮಾಡುವ ಇನ್ನೊಂದು ಸಾಲು ಬರುತ್ತದೆ, ಅಷ್ಟೆ. ಲೆಕ್ಕ ಬರೆಯುವ ಗುಮಾಸ್ತರಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ, ಅವರು ಮೊದಲಿನಿಂದ ಮಾಡುತ್ತಿದ್ದದ್ದೇ ಹಾಗೆ. ಐಟಂ ಹೆಸರು, ದರ ಬದಲಿಸುವ ಹಕ್ಕು ಕೌಂಟರಿಗೆ ಮಾತ್ರ. ಗೋಡೌನಿಗೆ ಹೊಸ ಬಗೆಯ ಮಾಲು ಬಂದರೆ ತಾತ್ಕಾಲಿಕ ಹೆಸರಿನಲ್ಲಿ ಬರೆದಿಡುತ್ತಾರೆ, ಕೌಂಟರಿನಲ್ಲಿ ಒಪ್ಪಿದ ಮೇಲೆ ಅದು ಪಟ್ಟಿಗೆ ಸೇರುತ್ತದೆ. ಇದಕ್ಕೆ ಗೋಡೌನಿನ ಹುಡುಗ ಸ್ವಲ್ಪ ಗೊಣಗಿದ.

ಅವನೇ ಕೇಳಿ ಮಾಡಿಸಿಕೊಂಡದ್ದು ಇನ್ನೊಂದಿದೆ. "ಸಾರ್, ಇದು ಯಾವಾಗಿಂದು ಅಂತ ಗೊತ್ತಾಗಲ್ಲ. ಅಂಗಡೀಲಿ ಮಾರಿಬಿಟ್ಟಿರ್ತಾರೆ, ನಾನು ಇದೆ ಅಂತ ಹೇಳಿರ್ತೀನಿ." ಸರಿಯಾದ ಮಾತು. ಈಗ ಪರದೆಯ ಮೇಲ್ಗಡೆ 'ಕೌಂಟರ್ ಲೆಕ್ಕ ಬಿಲ್ ಇಷ್ಟನೆಯ ನಂಬರಿನವರೆಗೆ' ಎಂದು ಬರುತ್ತದೆ, ಬಂದ ಪ್ರತಿಗೆ ಅರ್ಧ ಗಂಟೆಗಿಂತ ಹೆಚ್ಚು ವಯಸ್ಸಾದರೆ ಸಾಲು ಕೆಂಪಾಗುತ್ತದೆ. ಕೆಂಪು ಕಂಡರೆ ಅವನು ಕೌಂಟರಿಗೆ ಫೋನು ಮಾಡಿ ಕೊನೆಯ ಬಿಲ್ ನಂಬರ್ ಕೇಳುತ್ತಾನೆ. ನೆಟ್ಟು ಪೂರ್ತಿ ಹೋದ ದಿನ ಮಾಲು ಒಯ್ಯುವ ಆಟೋದವರ ಕೈಲಿ ಪೆನ್‌ಡ್ರೈವ್ ಬರುತ್ತದೆ. ಅದೇ ಪ್ರತಿ, ಅದೇ ಫೋಲ್ಡರು, ದಾರಿ ಮಾತ್ರ ಬೇರೆ.

ಕರೆಂಟು ಹೋಗುವ ಊರಿನವರು ಒಂದು ಸೆಟ್ಟಿಂಗು ನೋಡಿಕೊಳ್ಳಿ. ವಾಲ್ ಕ್ರಮದಲ್ಲಿ ಸಿಂಕ್ರೊನಸ್ (ಬರೆದದ್ದು ಡಿಸ್ಕಿಗೆ ತಲುಪುವವರೆಗೆ ಎಷ್ಟು ಕಾಯಬೇಕೆಂಬ ಸೆಟ್ಟಿಂಗು) 'ನಾರ್ಮಲ್' ಇಟ್ಟರೆ ಫೈಲು ಕೆಡುವುದಿಲ್ಲ, ಆದರೆ ಕರೆಂಟು ಹೋದಾಗ ಕೊನೆಯ ಕೆಲವು ನಮೂದು ಮಾಯವಾಗಬಹುದು. ಬಿಲ್ಲು ಪ್ರಿಂಟಾಗಿ ಗಿರಾಕಿ ಕೈಗೆ ಹೋಗಿರುತ್ತದೆ, ಡೇಟಾಬೇಸಿನಲ್ಲಿ ಇರುವುದಿಲ್ಲ. 'ಫುಲ್' ಇಟ್ಟಿದ್ದೇನೆ. ನಿಧಾನವಾಯಿತೆಂದು ಕೌಂಟರಿನಲ್ಲಿ ಯಾರೂ ಹೇಳಿಲ್ಲ.

ಸಿಂಕ್ ಇದೆಯೆಂದು ಬ್ಯಾಕಪ್ ಬಿಡುವವರಿದ್ದಾರೆ. ಈಚೆ ಕೆಟ್ಟದ್ದು ಹತ್ತು ನಿಮಿಷದಲ್ಲಿ ಆಚೆಯೂ ಕೆಡುತ್ತದೆ. ರಾತ್ರಿಯ ಕೊನೆಯ ಪ್ರತಿ ತಾರೀಕಿನ ಹೆಸರಿನಲ್ಲಿ ಬೇರೆ ಡಿಸ್ಕಿಗೆ ಹೋಗುತ್ತದೆ, ಅದು ಸಿಂಕಿನ ಕೈಗೆ ಸಿಗುವುದಿಲ್ಲ.

ಮಾರ್ಚ್ 31ರ ರಾತ್ರಿ ಎರಡೂ ಫೈಲುಗಳನ್ನು ಮುಚ್ಚಿ, ಬರೀ ಓದಲು ಎಂದು ಗುರುತು ಹಾಕಿ, ಏಪ್ರಿಲ್ 1ಕ್ಕೆ ಹೊಸ ಫೈಲು, ಆರಂಭ ಶಿಲ್ಕಿನ ಸಾಲು, ಬಿಲ್ ನಂಬರ್ ಒಂದರಿಂದ. ಹಳೆ ವರ್ಷದ ಫೈಲನ್ನು ಸಿಂಕ್‌ಥಿಂಗ್ ಒಮ್ಮೆ ಕಳಿಸಿದರೆ ಆಮೇಲೆ ಕಳಿಸಲು ಏನೂ ಇರುವುದಿಲ್ಲ. ಈಗ ಯಜಮಾನರಿಗೆ ತಮ್ಮ ಫೋನಿನಲ್ಲೂ ಸ್ಟಾಕು ನೋಡಬೇಕಂತೆ. ನೋಡುವುದಕ್ಕೆ ತೊಂದರೆಯಿಲ್ಲ, ಪಡೆಯಲು ಮಾತ್ರ ಎಂದು ಇನ್ನೊಂದು ಯಂತ್ರ ಸೇರಿಸಿದರೆ ಆಯಿತು. ಫೋನಿನಿಂದ ಬಿಲ್ಲು ಹಾಕುತ್ತೇನೆ ಎಂದರೆ ಮೂರನೆಯ ಅಕ್ಷರ, ಮೂರನೆಯ ಫೈಲು.